ಟಾರ್ಪಾಲು ಹೊದ್ದ ಸವತಿ

ನನ್ನ ಸವತಿ ಹಿತ್ತಲಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದಳು. ಅವಳಿಗೆ ನಾಲ್ಕು ಚಕ್ರ, ಒಂದರಲ್ಲೂ ಗಾಳಿ ಇಲ್ಲ. ಆದರೂ ಅವಳನ್ನು ಯಾರೂ ಕದಲಿಸುವ ಹಾಗಿರಲಿಲ್ಲ.

ನಿಜವಾದ ಸವತಿ ನಾನು ಈ ಮನೆಗೆ ಬರುವ ಮೊದಲೇ ಕಾಯಿಲೆಯಾಗಿ ತೀರಿಕೊಂಡಿದ್ದಳು. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತಿದ್ದ, ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ನರ್ಸು ಆಕೆ. ತನ್ನ ಸಂಪಾದನೆಯಲ್ಲೇ ಆ ಪುಟ್ಟ ಕಾರು ಕೊಂಡಿದ್ದಳಂತೆ. ನಾನು ಬರುವ ಹೊತ್ತಿಗೆ ಅವಳ ಬಟ್ಟೆಬರೆ ಯಾರ್ಯಾರಿಗೋ ಹೋಗಿತ್ತು. ನಡುಮನೆಯ ಗೋಡೆಯಲ್ಲಿ ಒಂದು ಫೋಟೋ ಇತ್ತು. ಅದರ ಧೂಳನ್ನು ನಾನೇ ಒರೆಸುತ್ತಿದ್ದೆ. ಆ ಫೋಟೋ ಕಂಡು ನನಗೆಂದೂ ಹೊಟ್ಟೆ ಉರಿಯಲಿಲ್ಲ. ಗೋಡೆಯ ಮೇಲಿರುವವಳು ಜಾಗ ಕೇಳುವುದಿಲ್ಲ.

ಕಾರು ಕೇಳುತ್ತಿತ್ತು. ನಾನು ಹಾಸಿಗೆ, ದಿಂಬು ಹೊಲಿಯುವವಳು. ಅರಳೆಗೆ ಬಿಸಿಲು ಬೇಕು. ನಮ್ಮ ಹಿತ್ತಲಿನಲ್ಲಿ ಬಿಸಿಲು ಬೀಳುವ ಜಾಗವೆಲ್ಲ ಅವಳದು, ಗೋಡೆಯ ನೆರಳು ಬೀಳುವ ಜಾಗ ನನ್ನದು. ಗಾಳಿ ಬೀಸಿತೆಂದರೆ ಇವರು ಊಟದ ಮಧ್ಯೆ ಎದ್ದುಹೋಗಿ ಟಾರ್ಪಾಲಿನ ಹಗ್ಗ ಬಿಗಿದು ಬರುತ್ತಿದ್ದರು. ನನಗೆ ಜ್ವರ ಬಂದಾಗ ಹೊದಿಕೆ ಎಳೆದುಕೊಂಡವಳು ನಾನೇ.

ಇವರೆಂದರೆ ನನ್ನ ಗಂಡ. ರಸ್ತೆಯ ತಿರುವಿನಲ್ಲಿ ಇವರ ಗ್ಯಾರೇಜು. ಬಂದವರಿಗೆಲ್ಲ "ನಾಳೆ ಬನ್ನಿ" ಎನ್ನುತ್ತಿದ್ದುದರಿಂದ ನಾಳೆ ಮೇಸ್ತ್ರಿ ಎಂದೇ ಹೆಸರಾಗಿತ್ತು. ಹಾಗೆಂದು ಯಾರಿಗೂ ಕೈಕೊಟ್ಟವರಲ್ಲ. ಊರವರ ಪಾಲಿಗೆ ಇವರ ನಾಳೆ ಎಂದರೆ ನಿಜವಾಗಿಯೂ ನಾಳೆಯೇ. ಮನೆಯ ಕೆಲಸದ ನಾಳೆಗೆ ಮಾತ್ರ ಗೊತ್ತುಗುರಿ ಇರಲಿಲ್ಲ. ಅಡುಗೆಮನೆಯ ನಲ್ಲಿ ನಾನು ಬಂದಾಗಿನಿಂದ ತೊಟ್ಟಿಕ್ಕುತ್ತಲೇ ಇತ್ತು.

ಹೊಲಿದ ಹಾಸಿಗೆಗಳನ್ನು ನಾನು ಬಾಡಿಗೆಯ ಕೈಗಾಡಿಯಲ್ಲಿ ಸಾಗಿಸುತ್ತಿದ್ದೆ. ಒಂದು ದಿನ ಗಾಡಿ ವಾಲಿ ಹೊಸ ಹಾಸಿಗೆಯೊಂದು ಚರಂಡಿಗೆ ಬಿತ್ತು. ಅದನ್ನು ಹೊತ್ತುಕೊಂಡು ವಾಪಸು ಬಂದವಳನ್ನು ನೋಡಿ ಇವರು ನಗಲಿಲ್ಲ, ಬೈಯಲಿಲ್ಲ. ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತ, "ನಿನಗೆ ನಾನೇ ಒಂದು ಗಾಡಿ ಮಾಡಿಕೊಡ್ತೀನಿ. ಮೂರು ಚಕ್ರದ್ದು. ಹಾಸಿಗೆ ಭಾರ ಇರಲ್ಲ, ಜಾಗ ಜಾಸ್ತಿ ಬೇಕು ಅಷ್ಟೆ," ಎಂದರು.

"ಯಾವಾಗ?" ಎಂದೆ.

"ನಾಳೆಯಿಂದ ಶುರು."

ಆಶ್ಚರ್ಯವೆಂದರೆ ಮಾರನೆಯ ದಿನವೇ ಶುರುವಾಯಿತು. ಮುಂಭಾಗಕ್ಕೆ ಹಳೆಯ ಮೋಟಾರ್‌ಸೈಕಲ್ಲಿನ ಹ್ಯಾಂಡಲು, ಚಕ್ರ ಬಂತು. ಗುದ್ದಿಸಿಕೊಂಡು ಮೂಲೆಗೆ ಬಿದ್ದಿದ್ದ ಸಾಮಾನಿನ ವ್ಯಾನಿನಿಂದ ಎಂಜಿನ್ನು, ಗೇರುಬಾಕ್ಸು ಬಂತು. ಕಬ್ಬಿಣದ ಕೊಳವೆ ಕೊಯ್ದು, ಬೆಸುಗೆ ಹಾಕಿ, ನನ್ನ ದೊಡ್ಡ ಹಾಸಿಗೆ ಬಗ್ಗದೆ ಮಲಗುವಷ್ಟು ಅಗಲದ ಚೌಕಟ್ಟು ಕಟ್ಟಿದರು. ನಾನು ಗ್ಯಾರೇಜಿಗೆ ಚಹಾ ತಂದ ನೆಪದಲ್ಲಿ ನಿಂತು ನೋಡುತ್ತಿದ್ದೆ. ಯಾರಾದರೂ "ಇದ್ಯಾರದು ಮೇಸ್ತ್ರಿ?" ಎಂದು ಕೇಳಲಿ ಎಂದು ಕಾಯುತ್ತಿದ್ದೆ. "ನಮ್ಮನೇವಳದು" ಎಂದು ಇವರು ಹೇಳುವುದನ್ನು ಎಷ್ಟು ಸಲ ಕೇಳಿದರೂ ನನಗೆ ಸಾಕಾಗುತ್ತಿರಲಿಲ್ಲ.

ಆಮೇಲೆ ಕೆಲಸ ನಿಂತಿತು. ಹಿಂದಿನ ಎರಡು ಚಕ್ರಗಳ ನಡುವೆ ಕೂರುವ ದುಂಡನೆಯ ಸಾಮಾನೊಂದು ಬೇಕಿತ್ತು. ಗ್ಯಾರೇಜಿನವರ ಬಾಯಲ್ಲಿ ಅದು ಡಿಫರೆನ್ಷಿಯಲ್. ನನ್ನ ಬಾಯಿಗೆ ಅದು ಗುಂಡು. ವ್ಯಾನಿನದು ಗುದ್ದಿದ ಏಟಿಗೆ ಆಕ್ಸಲ್ ಸಮೇತ ಬಿಲ್ಲಿನ ಹಾಗೆ ಬಾಗಿಹೋಗಿತ್ತು.

"ಅದಿಲ್ದೆ ಆಗಲ್ವಾ? ಎರಡು ಚಕ್ರಕ್ಕೂ ಒಂದೇ ಸಲಾಕೆ ಹಾಕ್ಬಿಡಿ," ಎಂದೆ.

"ದುಂಡು ದಿಂಬಿಗೆ ಅಂಚುಪಟ್ಟಿ ಹೊಲೀತೀಯಲ್ಲ, ಪಟ್ಟಿಯ ಹೊರಗಿನ ಮಗ್ಗುಲು ಉದ್ದ ಬೇಕೋ ಒಳಗಿನದೋ?"

"ಹೊರಗಿನದು."

"ಗಾಡಿ ತಿರುಗುವಾಗಲೂ ಅಷ್ಟೆ. ಹೊರಗಿನ ಚಕ್ರ ಜಾಸ್ತಿ ದೂರ ಓಡ್ಬೇಕು, ಒಳಗಿನದು ಕಡಿಮೆ. ಒಂದೇ ಸಲಾಕೆಗೆ ಕಟ್ಟಿಹಾಕಿದ್ರೆ ಎರಡೂ ಜಗಳ ಆಡ್ತವೆ. ತಿರುವಿನಲ್ಲಿ ನಿನ್ನನ್ನ ಎತ್ತಿ ಒಗೀತವೆ. ಅವರವರ ಪಾಡಿಗೆ ಅವರನ್ನ ಓಡೋಕೆ ಬಿಟ್ಟು, ಎಳೆತವನ್ನ ಇಬ್ಬರಿಗೂ ಹಂಚೋದೇ ಈ ಗುಂಡಿನ ಕೆಲಸ."

ಇಬ್ಬರಿಗೂ ಹಂಚುವ ವಿಷಯದಲ್ಲಿ ಇವರಿಗಿದ್ದ ತಿಳಿವಳಿಕೆ ಬರೀ ಕಬ್ಬಿಣಕ್ಕೆ ಸಂಬಂಧಿಸಿದ್ದು ಎಂದುಕೊಂಡೆ.

ಊರ ಅಂಚಿನ ಗುಜರಿ ಅಂಗಡಿಗೆ ನಾನೂ ಹೋದೆ. ಗಾಡಿ ನಮ್ಮ ಗೇಟಿನ ಎರಡು ಕಂಬಗಳ ನಡುವೆ ನುಗ್ಗಬೇಕಲ್ಲ, ಆ ಅಳತೆಯನ್ನು ನನ್ನ ಹೊಲಿಗೆಯ ಟೇಪಿನಲ್ಲಿ ಗಂಟು ಹಾಕಿ ಗುರುತು ಮಾಡಿಕೊಂಡಿದ್ದೆ. ಅಂಗಡಿಯ ಒಡತಿ ಗುಜರಿಯಕ್ಕ ಬಸ್ಸಿನ ಹಳೇ ಸೀಟಿನ ಮೇಲೆ ಕಾಲು ಮಡಚಿ ಕೂತಿರುತ್ತಿದ್ದಳು. ಅಲ್ಲಿದ್ದುದರಲ್ಲೆಲ್ಲ ತುಕ್ಕು ಹಿಡಿಯದಿದ್ದುದು ಅವಳ ನಾಲಿಗೆಯೊಂದೇ.

ಇವರು ಒಂದೊಂದೇ ಗುಂಡನ್ನು ಆಕ್ಸಲ್ ಸಮೇತ ಎಳೆದು ಇಟ್ಟಿಗೆಗಳ ಮೇಲೆ ಕೂರಿಸುವರು. ಒಂದು ಬದಿಯನ್ನು ಕೈಯಿಂದ ತಿರುಗಿಸುವರು. ಒಳಗೆಲ್ಲ ಸರಿಯಿದ್ದರೆ ಇನ್ನೊಂದು ಬದಿ ತಾನಾಗಿ ಉಲ್ಟಾ ತಿರುಗಬೇಕು. ಎಂಜಿನ್ನಿನಿಂದ ಬರುವ ದಂಡ ಕಚ್ಚಿಕೊಳ್ಳುವ ಮೂತಿಯನ್ನು ಹಿಡಿದು ಅಲುಗಿಸಿ, ಎಷ್ಟು ಸಡಿಲವಿದೆ ಎಂದು ಕಿವಿಗೊಡುವರು. ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿಯುವರು. ಎಣ್ಣೆಯಲ್ಲಿ ಮಿನುಗು ಕಂಡರೆ ಒಳಗಿನ ಹಲ್ಲು ಸವೆದಿದೆ ಎಂದರ್ಥ. ಒಂದು ತೀರಾ ಭಾರವಾಯಿತು. "ಇದು ಲಾರಿ ಹೊರೋದು, ಹತ್ತಿ ಹೊರೋದಲ್ಲ." ಒಂದು ಅಗಲವಾಯಿತು. ಒಂದರ ಹಲ್ಲಿನ ಲೆಕ್ಕ ಸರಿಬರಲಿಲ್ಲ. "ಇದನ್ನ ಹಾಕಿದ್ರೆ ನಡ್ಕೊಂಡು ಹೋಗೋರು ನಿನ್ನನ್ನ ಹಿಂದೆ ಹಾಕ್ತಾರೆ."

"ಎರಡು ಮದುವೆಗೂ ಸೇರಿ ಇಷ್ಟು ಹುಡುಕಿರಲಿಲ್ಲ ನೀವು," ಎಂದಳು ಗುಜರಿಯಕ್ಕ.

"ಮದುವೆಯಲ್ಲಿ ವಾಪಸು ತಗೊಳ್ಳೋರು ಯಾರಿದಾರೆ? ಇಲ್ಲಿ ಆದ್ರೆ ನೀನಿದೀಯ," ಎಂದರು ಇವರು. ಮೂವರೂ ನಕ್ಕೆವು. ನನ್ನ ನಗು ಎಲ್ಲರಿಗಿಂತ ಬೇಗ ನಿಂತಿತು.

ಟಯರ್ ರಾಶಿಯ ಹಿಂದಿನಿಂದ ಕೊನೆಗೊಂದು ಬಂತು. ಯಾರೋ ಹಸಿರು ಬಣ್ಣ ಬಳಿದಿದ್ದರು. ಯಾವ ಗಾಡಿಯದೋ, ಬರುವಾಗಲೇ ಬಿಡಿಯಾಗಿ ಬಂದದ್ದು. ಇವರು ತಿರುಗಿಸಿದರು. ಇನ್ನೊಂದು ಬದಿ ಬೆಣ್ಣೆಯ ಹಾಗೆ ಉಲ್ಟಾ ತಿರುಗಿತು. ಅಲುಗಿಸಿದರು, ಸದ್ದಿಲ್ಲ. ಎಣ್ಣೆ ತಿಳಿಯಾಗಿತ್ತು. ನಾನು ಟೇಪು ಹಿಡಿದು ನೋಡಿದೆ. ಗೇಟಿನ ಗಂಟಿಗಿಂತ ಗೇಣು ಒಳಗೇ ಇತ್ತು. "ಸಿಕ್ತಲ್ಲ!" ಎಂದು ತಲೆಯೆತ್ತಿದರೆ ಇವರು ಕೈ ಒರೆಸಿಕೊಳ್ಳುತ್ತಿದ್ದರು.

"ಇದು ಬೇಡ."

"ಯಾಕೆ ಮೇಸ್ತ್ರಿ? ಇದರಲ್ಲೇನಿದೆ ಕೊಂಕು?" ಎಂದಳು ಗುಜರಿಯಕ್ಕ.

"ಏನೂ ಇಲ್ಲ."

"ಏನೂ ಇಲ್ಲದ್ದು ಬೇಡ ಅಂದ್ರೆ, ಏನಾದ್ರೂ ಇರೋದನ್ನ ಕೊಡ್ಲಾ?"

"ನಾಳೆ ನೋಡೋಣ," ಎಂದು ಇವರು ನಡೆದೇಬಿಟ್ಟರು. ನಾನು ಟೇಪು ಸುತ್ತಿಕೊಳ್ಳುತ್ತಿರುವಾಗ ಗುಜರಿಯಕ್ಕ ದನಿ ತಗ್ಗಿಸಿದಳು. "ಅಲ್ಲಮ್ಮಾ, ನಿಮ್ಮ ಹಿತ್ತಲಲ್ಲಿರೋ ಕಾರು ಹಿಂದಿನ ಚಕ್ರದಿಂದ ಓಡೋದೇ ತಾನೆ? ಅದರ ಹೊಟ್ಟೆಯೊಳಗೇ ಒಂದಿರ್ಬೇಕಲ್ಲ. ಮನೇಲಿಟ್ಕೊಂಡು ಊರೆಲ್ಲ ಯಾಕೆ ಸುತ್ತುತಾರೆ?"

ಆ ಮಾತು ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾಯಿತು.

ಮನೆಗೆ ಬಂದವಳೇ, ಇವರು ಗ್ಯಾರೇಜಿಗೆ ಹೋಗುವುದನ್ನು ಕಾದು, ಹಿತ್ತಲಿಗೆ ಹೋಗಿ ಟಾರ್ಪಾಲಿನ ಹಗ್ಗ ಬಿಚ್ಚಿದೆ. ನನ್ನ ಕೈಯಲ್ಲಿ ಎಷ್ಟೋ ಜನರ ಮಂಚದ ಅಳತೆ ಆಗಿದೆ. ಸವತಿಯ ಅಳತೆ ತೆಗೆದುಕೊಂಡದ್ದು ಅದೇ ಮೊದಲು. ಮೊಣಕಾಲೂರಿ ಹಿಂಬದಿಯ ಚಕ್ರದಿಂದ ಚಕ್ರಕ್ಕೆ ಟೇಪು ಎಳೆದೆ. ಹಸಿರು ಗುಂಡಿನದೇ ಅಳತೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬಗ್ಗಿ ನೋಡಿದೆ. ಅದೇ ಆಕಾರ, ಅದೇ ಮೂತಿ.

ಆಗ ನನಗೆ ಎಲ್ಲ ಅರ್ಥವಾಯಿತು. ಅಥವಾ ಹಾಗಂದುಕೊಂಡೆ. ಅವಳದರಂಥದ್ದು ನನ್ನ ಗಾಡಿಗೆ ಬರಕೂಡದು. ಅವಳ ಕಾರಿನಿಂದ ಒಂದು ಬೋಲ್ಟೂ ನನ್ನ ಪಾಲಿಗೆ ಬೀಳಕೂಡದು, ಅವಳ ಜಾತಿಯ ಕಬ್ಬಿಣ ಕೂಡ ಬೇರೆಯವಳ ಗಾಡಿಯಲ್ಲಿ ಓಡಕೂಡದು. ಅಷ್ಟು ಪ್ರೀತಿ! ಆ ಧೂಳಿನ ಗಾಜಿನೊಳಗೆ ಇಣುಕಿದೆ. ಓಡಿಸುವವರ ಸೀಟಿನಲ್ಲಿ ಅವಳು ಕೂತ ತಗ್ಗು ಹಾಗೇ ಇತ್ತು. ನನಗಿಂತ ತೆಳ್ಳಗಿದ್ದಳೆಂದು ಕಾಣುತ್ತದೆ.

ಇವರು ಊಟಕ್ಕೆ ಬಂದಾಗ ಕೇಳಿದೆ. "ರೀ, ಹಿತ್ತಲಲ್ಲಿರೋದು ಆಗಲ್ವಾ?"

"ಯಾವುದು?"

"ಯಾವುದು ಅಂತ ನಿಮಗೆ ಗೊತ್ತು. ಅಳತೆ ತಗೊಂಡಿದೀನಿ. ಗೇಟಿಗೂ ಸರಿ, ಚೌಕಟ್ಟಿಗೂ ಸರಿ."

ಇವರ ಕೈ ಅರ್ಧದಲ್ಲೇ ನಿಂತಿತು. "ಅದನ್ನ ಮುಟ್ಟಬೇಡ," ಎಂದರು. ತಟ್ಟೆಯಲ್ಲಿದ್ದುದನ್ನು ಬಿಟ್ಟು ಎದ್ದುಹೋದರು. ಟಾರ್ಪಾಲಿನ ಹಗ್ಗ ಬಿಗಿಯುವ ಸದ್ದು ನನಗೆ ಒಳಗಿನಿಂದಲೇ ಕೇಳಿಸಿತು.

ಅಂದಿನಿಂದ ನಾನು ಇವರೊಂದಿಗೆ ಮಾತು ಬಿಟ್ಟೆ. ಹೊಲಿಗೆ ಯಂತ್ರದೊಂದಿಗೆ ಮಾತಾಡಿದೆ. "ನೋಡು, ನಿನಗೆ ಎಣ್ಣೆ ಬಿಡೋರು ಯಾರೂ ಇಲ್ಲ. ನೀನೂ ಟಾರ್ಪಾಲು ಹೊದ್ಕೊಂಡು ಮಲಗಿದ್ರೆ ಬಿಡ್ತಿದ್ರೇನೋ," ಎನ್ನುತ್ತಿದ್ದೆ. ಇವರು ಮರುದಿನ ಯಂತ್ರಕ್ಕೆ ಎಣ್ಣೆ ಬಿಟ್ಟು ಹೋಗಿದ್ದರು. ನನ್ನ ಸಿಟ್ಟು ಇಳಿಯಲಿಲ್ಲ. ಕೇಳಿ ಪಡೆದ ಎಣ್ಣೆ ಅದು.

ಗ್ಯಾರೇಜಿಗೆ ಹೋದಾಗೊಮ್ಮೆ ಯಾರದೋ ಗಾಡಿಯನ್ನು ಒಂದು ಬದಿ ಜಾಕಿನಲ್ಲಿ ಎತ್ತಿ ಎಂಜಿನ್ನು ಓಡಿಸಿ ನೋಡುತ್ತಿದ್ದರು. ಗಾಳಿಯಲ್ಲಿದ್ದ ಹಿಂದಿನ ಚಕ್ರ ರೊಯ್ಯನೆ ತಿರುಗುತ್ತಿತ್ತು. ನೆಲದ ಮೇಲಿದ್ದದ್ದು ಮಿಸುಕಲಿಲ್ಲ. "ಹಾಗೇನೇ ಅದು," ಎಂದು ಇವರು ಯಾರಿಗೋ ವಿವರಿಸುತ್ತಿದ್ದರು. "ಒಂದನ್ನ ಎತ್ತಿಬಿಟ್ರೆ ಎಳೆತವೆಲ್ಲ ಅದಕ್ಕೇ ಹೋಗ್ತದೆ. ಭಾರ ಹೊತ್ಕೊಂಡು ನೆಲದ ಮೇಲಿರೋದಕ್ಕೆ ಏನೂ ಸಿಗಲ್ಲ." ಚಹಾದ ಲೋಟ ಅಲ್ಲೇ ಕುಕ್ಕಿ ಬಂದೆ. ನೆಲದ ಮೇಲಿರುವವಳು ಯಾರು, ಮೇಲೆ ಹೋದವಳು ಯಾರು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇದರ ನಡುವೆ ನಾದಿನಿ ಬಂದರು. ಇವರ ಅಕ್ಕ. ಅವರಿಗೆ ನನ್ನ ಮೇಲೆ ದ್ವೇಷವೇನಿಲ್ಲ. ಹಳೆಯದನ್ನು ನೆನೆಯುವ ಚಟ ಅಷ್ಟೆ.

"ಏನೇ ಇದು, ಮುಖ ಊದಿಸ್ಕೊಂಡಿದೀಯ?" ಎಂದರು.

"ಏನಿಲ್ಲ ಅತ್ತಿಗೆ. ಅರಳೆ ಧೂಳು."

"ನಿನ್ನ ಗಾಡಿ ಎಲ್ಲಿಗೆ ಬಂತು?"

"ಮುಂಭಾಗ ಬಂದಿದೆ. ಹಿಂಭಾಗ ಹಿತ್ತಲಲ್ಲಿದೆ."

ನಾದಿನಿ ಬಾಗಿಲಿನಿಂದ ಹಿತ್ತಲಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಅಯ್ಯೋ, ಅವಳ ಕಾರಾ! ಏನು ಓಡಿಸ್ತಿದ್ಲು ಅಂತೀಯ. ಕಿಟಕಿಗೆ ಮೊಣಕೈ ಊರ್ಕೊಂಡು ಹೊರಟ್ಲು ಅಂದ್ರೆ ರಸ್ತೆಯೆಲ್ಲ ನಿಂತು ನೋಡ್ತಿತ್ತು. ಇವನೋ, ಪಕ್ಕದಲ್ಲಿ ಕೂತ್ಕೊಂಡು ಮಂತ್ರಿ ಹಾಗೆ ಕೈ ಬೀಸೋನು. ನೀನು ಬೇಜಾರು ಮಾಡ್ಕೋಬೇಡಮ್ಮಾ, ಇದ್ದದ್ದು ಹೇಳ್ದೆ."

ಬೇಜಾರು ಎನ್ನುವ ಸಣ್ಣ ಮಾತು ಅಲ್ಲಿ ಸಾಲುತ್ತಿರಲಿಲ್ಲ. ಕೈಯಲ್ಲಿದ್ದ ದಬ್ಬಳ ಹಾಸಿಗೆ ದಾಟಿ ಮಣೆಗೆ ನೆಟ್ಟಿತ್ತು. ನನ್ನ ಪಕ್ಕ ಕೂತು ಇವರು ಎಂದೂ ಎಲ್ಲಿಗೂ ಹೋಗಿರಲಿಲ್ಲ. ನಾವು ಜೊತೆಯಾಗಿ ಹೋಗುತ್ತಿದ್ದುದು ಗುಜರಿಗೆ, ಅದೂ ಇವರು ನಾಲ್ಕು ಮಾರು ಮುಂದೆ.

ಅಷ್ಟರಲ್ಲಿ ವಿದ್ಯಾರ್ಥಿನಿಲಯವೊಂದರಿಂದ ಬೇಡಿಕೆ ಬಂತು. ರಜೆ ಮುಗಿಯುವುದರೊಳಗೆ ಕೋಣೆಗೋಣೆಗೂ ಹೊಸ ಹಾಸಿಗೆ ಬೇಕಂತೆ. ಹೊಲಿದು ಮುಗಿಸಿದವು ನಡುಮನೆಯಲ್ಲಿ ಸೂರು ಮುಟ್ಟಿದವು. ಭಾನುವಾರ ಮಧ್ಯಾಹ್ನ ಆ ರಾಶಿಯನ್ನು ದಾಟಲಾಗದೆ ಇವರು ಬಾಗಿಲಲ್ಲಿ ನಿಂತಿದ್ದರು. ನಾನೂ ಈಚೆ ನಿಂತೆ. ಎಷ್ಟೋ ದಿನದ ಮೇಲೆ ಬಾಯಿಬಿಟ್ಟೆ.

"ಒಂದೇ ಮಾತು ಕೇಳ್ತೀನಿ. ನನ್ನ ಗಾಡಿಗೆ ಹಿತ್ತಲಲ್ಲಿರೋದಕ್ಕಿಂತ ಸರಿಯಾದದ್ದು ಇದೆಯಾ? ನಾಳೆ ಅನ್ನಬೇಡಿ. ಇದೆಯಾ, ಇಲ್ವಾ?"

"ಇಲ್ಲ."

"ಹಾಗಾದ್ರೆ ಬಿಚ್ಚಿ. ಬಿಚ್ಚಲ್ಲ ಅಂದ್ರೆ ಅದನ್ನೂ ಬಾಯಿಬಿಟ್ಟು ಹೇಳಿ. ಈ ಮನೇಲಿ ಯಾರ ಗಾಡಿ ಓಡ್ಬೇಕು ಅಂತ ನನಗೂ ತಿಳೀಲಿ."

ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಾಸಿಗೆಗಳ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಹಿತ್ತಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಟಾರ್ಪಾಲು ಎಳೆದು ಬಿಸುಟರು. ಜಾಕು ತಂದು ಕಾರಿನ ಹಿಂಬದಿಯನ್ನು ಎತ್ತಿ, ಎರಡೂ ಕಡೆ ಮರದ ದಿಮ್ಮಿ ಕೊಟ್ಟರು.

"ಬಾ. ಗುಜರೀಲಿ ನಾನು ಮಾಡೋದು ನೋಡಿದೀಯಲ್ಲ. ಈ ಚಕ್ರ ತಿರುಗಿಸು."

ತಿರುಗಿಸಿದೆ. ಒಳಗಿನಿಂದ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದಂಥ ಸದ್ದು ಬಂತು. ಬಗ್ಗಿ ಆಚೆಯ ಚಕ್ರ ನೋಡಿದೆ. ಅದು ತಿರುಗಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದೆ. ಕಟಕಟ ಎಂದಿತೇ ಹೊರತು ಆಚೆಯದು ಹಂದಲಿಲ್ಲ.

"ಒಳಗೆ ಹಲ್ಲು ಮುರಿದು ಬಿದ್ದಿವೆ," ಎಂದರು ಇವರು. ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದರು. "ಅವಳು ಹೇಳ್ತಾನೇ ಇದ್ಲು. ಹಿಂದುಗಡೆ ಏನೋ ಗುರ್ ಅಂತದೆ, ಸ್ವಲ್ಪ ನೋಡಿ ಅಂತ. ನಾಳೆ ನೋಡ್ತೀನಿ ಅಂದೆ. ಗ್ಯಾರೇಜಲ್ಲಿ ಬೇರೆಯವರ ಕೆಲಸ. ಆಮೇಲೆ ಒಂದು ದಿನ ರಸ್ತೇಲೇ ನಿಂತೋಯ್ತು. ತಳ್ಳಿಸ್ಕೊಂಡು ತಂದು ಇಲ್ಲಿ ನಿಲ್ಲಿಸಿದೆ. ನಾಳೆ ಬಿಚ್ತೀನಿ ಅಂದೆ. ಅವಳು ಚೀಲ ಹೆಗಲಿಗೆ ಹಾಕ್ಕೊಂಡು ನಡೆದೇ ಮನೆಮನೆಗೆ ಹೋಗೋಳು. ಮೊದಮೊದಲು ದಿನಾ ಕೇಳ್ತಿದ್ಲು. ಆಮೇಲೆ ಕೇಳೋದು ಬಿಟ್ಲು."

ನಾನು ಚಕ್ರದ ಮೇಲೆ ಕೈಯಿಟ್ಟೇ ಕೂತಿದ್ದೆ.

"ಕೊನೆಗೆ ಕಾಯಿಲೆ ಜೋರಾದಾಗ, ಮನೇಲಿ ಕಾರಿಟ್ಕೊಂಡು, ನಾನು ಮೆಕ್ಯಾನಿಕ್ ಅನ್ನಿಸ್ಕೊಂಡು, ಬಾಡಿಗೆ ಗಾಡೀಲಿ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋದೆ. ಗೇಟಲ್ಲಿ ಇಳಿಯುವಾಗ 'ಕಾರು ರಿಪೇರಿ ಮಾಡಿಟ್ಟಿರಿ, ವಾಪಸು ಅದರಲ್ಲೇ ಬರ್ತೀನಿ' ಅಂದ್ಲು. ನಾಳೆನೇ ಮಾಡ್ತೀನಿ ಅಂದೆ." ಇವರು ಮೂಗು ಒರೆಸಿಕೊಂಡರು. "ಗುಜರೀಲಿ ಆ ಹಸಿರದು ಇಂಥದೇ ಇನ್ನೊಂದು ಕಾರಿಂದು ಕಣೇ. ಆವಾಗ ಒಂದು ಸಲ ಹೋಗಿ ಹುಡುಕಿದ್ರೆ ಸಿಗ್ತಿತ್ತೋ ಏನೋ. ಹುಡುಕಲೇ ಇಲ್ಲ. ಈಗ ನೋಡಿದ್ರೆ ಸುಮ್ಮನೆ ಕೈಗೆ ಬಂತು. ಹ್ಯಾಗೆ ತರ್ಲಿ ಅದನ್ನ?"

ಕೇಳಿದ ತಕ್ಷಣ ನನಗೆ ಆದದ್ದು ಸಂತೋಷ. ಪ್ರೀತಿಯಲ್ಲ ಇದು, ಬರೀ ಸಂಕಟ! ನಾನು ಇಷ್ಟು ದಿನ ಬೆಂದದ್ದು ಒಂದು ಮುರಿದ ಹಲ್ಲಿಗಾಗಿ! ಎದ್ದು ನಿಂತು ಸೆರಗಿನ ಧೂಳು ಕೊಡವಿಕೊಂಡೆ. ಆದರೆ ಕೊಡವಿ ಮುಗಿಯುವಷ್ಟರಲ್ಲಿ ಆ ಸಂತೋಷವೂ ಉದುರಿಹೋಯಿತು. ಪ್ರೀತಿಯಾಗಿದ್ದರೆ ನಾನು ಕಾದಾಡಬಹುದಿತ್ತು. ನಾನೂ ಒಂದಿಷ್ಟು ಗಳಿಸಿಕೊಳ್ಳಬಹುದಿತ್ತು, ಕಾಲ ಕಳೆದಂತೆ ಅವಳದು ತೆಳುವಾಗುತ್ತಿತ್ತು. ಕೊಟ್ಟು ಉಳಿಸಿಕೊಳ್ಳದ ಮಾತು ತೆಳುವಾಗುವುದಿಲ್ಲ. ಆ ಮಾತು ಬಾಕಿ ಇರುವ ತನಕ ಅವಳು ಈ ಹಿತ್ತಲು ಬಿಟ್ಟು ಕದಲುವವಳಲ್ಲ. ಕಾರನ್ನು ಗುಜರಿಗೆ ಹಾಕಿದರೂ ಇವರು ಖಾಲಿ ಜಾಗಕ್ಕೇ ಟಾರ್ಪಾಲು ಹೊದಿಸಿಯಾರು.

"ಆ ಹಸಿರದನ್ನ ತನ್ನಿ," ಎಂದೆ.

"ನಿನ್ನ ಗಾಡಿಗೆ ಹಾಕ್ತೀನಿ. ಇವತ್ತೇ..."

"ನನ್ನ ಗಾಡಿಗಲ್ಲ. ಇದಕ್ಕೆ ಹಾಕಿ. ಇದು ಓಡ್ಬೇಕು."

ಇವರು ತಲೆಯೆತ್ತಿದರು. "ಮತ್ತೆ ನಿನ್ನ ಗಾಡಿ?"

"ನನ್ನದು ನಾಳೆ."

ಆ ಮಾತು ಇವರಿಗೆ ಚುಚ್ಚಿತು. ಚುಚ್ಚಲಿ ಎಂದೇ ಆಡಿದ್ದು.

ವಿದ್ಯಾರ್ಥಿನಿಲಯದ ಹಾಸಿಗೆಗಳು ಮತ್ತೆ ಬಾಡಿಗೆಯ ಕೈಗಾಡಿಯಲ್ಲೇ ಹೋದವು. ನಾನು ಹಗ್ಗ ಹಿಡಿದು ಹಿಂದೆ ನಡೆದೆ. ಇತ್ತ ಇವರು ಗ್ಯಾರೇಜಿಗೆ ಬೀಗ ಹಾಕಿ ಹಿತ್ತಲಿನಲ್ಲಿ ಮಲಗಿದರು, ಕಾರಿನ ಕೆಳಗೆ. ಹಳೆಯ ಆಕ್ಸಲ್ ಕೆಳಗಿಳಿಯಿತು, ಹಸಿರಿನದು ಮೇಲೇರಿತು. ಎಂಜಿನ್ನು ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿತು. ಕಾರಿನ ನೆಲಕ್ಕೆ ತುಕ್ಕು ಹಿಡಿದು ಕಾಲಿಟ್ಟಲ್ಲಿ ಮಣ್ಣು ಕಾಣುತ್ತಿತ್ತು. ಅಲ್ಲಿಗೆ ಹಲಗೆ ಹಾಕಿದರು. ಸೀಟುಗಳನ್ನು ಇಲಿ ತಿಂದಿತ್ತು. ಅದು ನನ್ನ ಪಾಲಿಗೆ ಬಂತು. ಓಡಿಸುವವರ ಸೀಟಿಗೆ ಅರಳೆ ತುಂಬಿ ತುಂಬಿ, ದಬ್ಬಳದಲ್ಲಿ ಜಗ್ಗಿ ಜಗ್ಗಿ ಹೊಲಿದೆ. ಅವಳು ಕೂತ ತಗ್ಗು ಹೇಳಹೆಸರಿಲ್ಲದೆ ಹೋಯಿತು. ಇವರು ಕೈಯಿಂದ ಒತ್ತಿ ನೋಡಿ, "ಕಲ್ಲಿನ ಹಾಗಿದೆಯಲ್ಲೇ," ಎಂದರು. "ಬಾಳಿಕೆ ಬರುತ್ತೆ," ಎಂದೆ.

ನಾದಿನಿಗೆ ಸುದ್ದಿ ಮುಟ್ಟಿತು. ಬಂದು ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟರು. "ಎಷ್ಟು ದೊಡ್ಡ ಮನಸ್ಸಮ್ಮಾ ನಿನ್ನದು! ತನ್ನ ಗಾಡಿ ಬಿಟ್ಟು ಸವತಿಯ ಗಾಡಿ ಮಾಡಿಸ್ತಿದೀಯ. ಬೇರೆ ಯಾರಿಗೆ ಬರುತ್ತೆ ಈ ಬುದ್ಧಿ?" ನಾನು ಅಲ್ಲಗಳೆಯಲಿಲ್ಲ. ಒಬ್ಬಳನ್ನು ಮನೆಯಿಂದ ಕಳಿಸಬೇಕಾದರೆ ಗಾಡಿ ಮಾಡಿಯೇ ಕಳಿಸಬೇಕು ಎಂಬುದು ಅವರಿಗೆ ಹೊಳೆದಿರಲಿಲ್ಲ.

ಕಾರು ಹೊರಡುವ ದಿನ ಇವರು ಪಕ್ಕದ ಬಾಗಿಲು ತೆಗೆದು ನನ್ನ ಕಡೆ ನೋಡಿದರು. ಮುಂದೆ ಕೂರಲು ನನಗೆ ಧೈರ್ಯ ಸಾಲಲಿಲ್ಲ. ಇವರನ್ನೂ ಅವಳನ್ನೂ ಇಬ್ಬರನ್ನೇ ಕಳಿಸುವಷ್ಟು ದೊಡ್ಡ ಮನಸ್ಸೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ, ಸರಿಯಾಗಿ ಗುಂಡಿನ ಮೇಲೆ, ಕೂತೆ.

ಇವರು ಸೀದಾ ಆಸ್ಪತ್ರೆಗೆ ಹೋದರು. ಗೇಟಿನ ಮುಂದೆ ನಿಲ್ಲಿಸಿ ಇಳಿದರು, ಎಂಜಿನ್ನು ಆರಿಸಲಿಲ್ಲ. ಗೇಟಿನ ಕಂಬದ ಬಳಿ ಸ್ವಲ್ಪ ಹೊತ್ತು ನಿಂತರು. ಕಾವಲಿನವನು "ಯಾರು ಬೇಕು?" ಎಂದು ಕೇಳಿದ. "ಕರ್ಕೊಂಡು ಹೋಗೋಕೆ ಬಂದೆ," ಎಂದರು. ಅವನು ಕಾರಿನ ಹಿಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿ ಸುಮ್ಮನಾದ. ಇವರು ಬಂದು ಪಕ್ಕದ ಬಾಗಿಲನ್ನು ತೆಗೆದರು, ಮತ್ತೆ ಮೆಲ್ಲಗೆ ಹಾಕಿದರು. ನನಗಾಗಿ ಯಾವ ಬಾಗಿಲನ್ನೂ ಯಾರೂ ಅಷ್ಟು ಮೆಲ್ಲಗೆ ಹಾಕಿಲ್ಲ.

ವಾಪಸು ಬರುವಾಗ ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕಿ ಕೇಳಿದರು. "ಹಿಂದೆ ಸದ್ದು ಬರ್ತಿದೆಯಾ?"

"ಇಲ್ಲ."

"ಸರಿಯಾಗಿ ಕೇಳು."

ಕೇಳಿದೆ. ತಿರುವಿನಲ್ಲಿ ಕಾರು ಮಗುಚದೆ, ಎಳೆದಾಡದೆ, ಹಾಡುವ ಹಾಗೆ ತಿರುಗಿತು. "ಒಂದು ಚೂರೂ ಇಲ್ಲ," ಎಂದೆ.

ಹಿತ್ತಲಿಗೆ ಬಂದು ಎಂಜಿನ್ನು ಆರಿಸಿದರು. ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತರು. ಓಡುವ ಕಾರನ್ನು ಯಾರು ಬಿಚ್ಚುತ್ತಾರೆ? ನಾನೇ ಕೈಯಾರೆ ಅವಳನ್ನು ಎಬ್ಬಿಸಿ ನಿಲ್ಲಿಸಿದೆನಲ್ಲ, ಇನ್ನು ದಿನಾ ಇದರಲ್ಲೇ ಹೊರಟರೆ? ಸೀಟು ಬೇರೆ ಬಾಳಿಕೆ ಬರುವ ಹಾಗೆ ಹೊಲಿದು ಕೊಟ್ಟಿದ್ದೆ.

"ಜಾಕು ತಗೊಂಡು ಬಾ," ಎಂದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಾಳೆ ಮಾಡಿದ್ರಾಯ್ತು ಬಿಡಿ."

"ನಾಳೆ ಬೇಡ."

ಬೆಳಕಿರುವಷ್ಟರಲ್ಲೇ ಹಸಿರು ಗುಂಡು ನನ್ನ ಗಾಡಿಯ ಕೆಳಗೆ ಕೂತಿತ್ತು. ಕಾರಿನ ಉಳಿದ ಮೈಯನ್ನು ಗುಜರಿಯಕ್ಕನ ಆಳುಗಳು ಹೊತ್ತುಕೊಂಡು ಹೋದರು. ಹೋಗುವಾಗ ಇವರು ಗ್ಯಾರೇಜಿನಲ್ಲಿದ್ದರು, ಹೊರಗೆ ಬರಲಿಲ್ಲ. ಟಾರ್ಪಾಲನ್ನು ನಾನು ತೊಳೆದು ಅದೇ ಜಾಗದಲ್ಲಿ ಹಾಸಿ ಅರಳೆ ಹರಡಿದೆ. ಬಿಸಿಲೆಲ್ಲ ನನ್ನದಾಯಿತು.

ನನ್ನ ಮೂರು ಚಕ್ರದ ಗಾಡಿ ಚೆನ್ನಾಗಿ ಓಡುತ್ತದೆ. ಹಾಸಿಗೆ ಹೇರಿಕೊಂಡು ಗೇಟಿನ ಕಂಬಗಳ ನಡುವೆ ನುಸುಳಿದರೆ ಆಚೀಚೆ ಅಷ್ಟಷ್ಟೇ ಜಾಗ ಉಳಿಯುತ್ತದೆ. ಒಂದು ಸಲ ಗ್ಯಾರೇಜಿನ ಮುಂದೆ ಹೋಗುವಾಗ ನಿಲ್ಲಿಸಿ, "ರೀ, ಹಿಂದುಗಡೆ ಏನೋ..." ಎಂದೆ. ಮಾತು ಮುಗಿಸಲು ಇವರು ಬಿಡಲಿಲ್ಲ. ಗಿರಾಕಿಯ ಗಾಡಿಯನ್ನು ಅರ್ಧಕ್ಕೇ ಬಿಟ್ಟು, ಸ್ಪಾನರು ಹಿಡಿದು ಓಡಿಬಂದು, ರಸ್ತೆಯಲ್ಲೇ ಅಂಗಾತ ಮಲಗಿ ಗಾಡಿಯ ಕೆಳಗೆ ನುಗ್ಗಿದರು. ಹಿಂದುಗಡೆಯ ಹಗ್ಗ ಸಡಿಲವಾಗಿದೆ ಎನ್ನಲು ಹೊರಟಿದ್ದೆ ನಾನು.

ನೋಡಿದವರೆಲ್ಲ ಹೇಳುತ್ತಾರೆ, ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು. ನಾದಿನಿಯಂತೂ, "ಅವಳಿಗೂ ಇಷ್ಟು ಮಾಡಿರಲಿಲ್ಲಮ್ಮಾ," ಎನ್ನುತ್ತಾರೆ. ನನಗೆ ಗೊತ್ತು. ಅವಳಿಗೆ ಮಾಡಲಿಲ್ಲ ಎಂದೇ ನನಗೆ ಮಾಡುತ್ತಿರುವುದು. ಹಾಗೆ ಓಡಿ ಬರುವ ಕಾಲು ನನ್ನ ಕೂಗಿಗೆ ಓಡುತ್ತಿದೆಯೋ, ಅವಳು ಕೂಗುವುದನ್ನು ಬಿಟ್ಟ ಆ ದಿನದ ಕಡೆಗೆ ಓಡುತ್ತಿದೆಯೋ?

ಅದಕ್ಕೇ ಆಗಾಗ, ಗಾಡಿಯಲ್ಲಿ ಯಾವ ಸದ್ದೂ ಇಲ್ಲದಿರುವಾಗಲೂ, ಗ್ಯಾರೇಜಿನ ಮುಂದೆ ನಿಲ್ಲಿಸುತ್ತೇನೆ.

"ರೀ, ಏನೋ ಗುರ್ ಅಂತದೆ."

ಇವರು ಬರುತ್ತಾರೆ. ಕೆಳಗೆ ನುಗ್ಗುತ್ತಾರೆ. ನನಗೆ ಕಾಣುವುದು ಎರಡು ಪಾದ ಮಾತ್ರ.

"ಏನೂ ಇಲ್ಲ ಕಣೇ. ಚೆನ್ನಾಗಿದೆ."

"ಸರಿಯಾಗಿ ನೋಡಿ," ಎನ್ನುತ್ತೇನೆ ನಾನು. "ಇನ್ನೊಂದು ಸಲ."